ಕ್ಯೋಟೊದಿಂದ ಕೋಯಾ ಬೆಟ್ಟದವರೆಗೆ: ಮೊದಲ ಜಪಾನ್ ಪ್ರವಾಸಕ್ಕೆ ಹತ್ತು ದಿನಗಳ ಸಮಗ್ರ ಮಾರ್ಗದರ್ಶಿ

ಮೊದಲ ಸಲ ಜಪಾನಿಗೆ ಹೊರಟವರ ಪಟ್ಟಿ ಬಹುಮಟ್ಟಿಗೆ ಒಂದೇ ತೆರನಾಗಿರುತ್ತದೆ: ಟೋಕಿಯೋ ನಾಲ್ಕು ದಿನ, ಫುಜಿ ಪರ್ವತ ಒಂದು ದಿನ, ಕ್ಯೋಟೊ ಒಂದೂವರೆ ದಿನ, ಒಸಾಕಾದಲ್ಲಿ ಒಂದು ರಾತ್ರಿ. ಹಳೆಯ ಜಪಾನನ್ನು ಕಾಣುವ ಆಸೆ ನಿಮ್ಮದಾಗಿದ್ದರೆ ಈ ಸಲ ಟೋಕಿಯೋವನ್ನು ಬಿಟ್ಟುಬಿಡಿ ಎಂದೇ ನಾನು ಹೇಳುತ್ತೇನೆ. ನಾರಾ 710ರಿಂದ 784ರವರೆಗೆ ರಾಜಧಾನಿ. ಕ್ಯೋಟೊ 794ರಿಂದ ಮುಂದೆ ಸಾವಿರಕ್ಕೂ ಹೆಚ್ಚು ವರ್ಷ ಚಕ್ರವರ್ತಿಗಳ ಊರು. ಇವೆರಡರ ನಡುವೆ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಹಿಮೇಜಿಯ ಕೋಟೆ, ಮಿಯಾಜಿಮಾದ ಕಡಲ ದ್ವಾರ, ಕೋಯಾ ಬೆಟ್ಟದ ಮಠಗಳು ಎಲ್ಲವೂ ಇದೇ ಪಶ್ಚಿಮ ಭಾಗದಲ್ಲಿವೆ. ನಮ್ಮವರು ಇಲ್ಲಿಗೆ ಬರಬೇಕು ಎನ್ನಲು ಇನ್ನೊಂದು ಕಾರಣವೂ ಇದೆ. ಇಲ್ಲಿನ ಮರದ ವಿಗ್ರಹಗಳ ಮುಂದೆ ನಿಂತು ಹೆಸರು ಓದಿದರೆ ಇಂದ್ರ, ಬ್ರಹ್ಮ, ಗರುಡ, ಕುಬೇರ ಎಂದು ನಮ್ಮ ಬಾಯಿಗೆ ತಾನಾಗಿ ಬರುತ್ತದೆ.

ಹಂತ 1: ಯಾವಾಗ ಹೋಗಬೇಕು

ಚೆರಿ ಹೂವು ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದ ಹೊತ್ತಿಗೆ, ಮೇಪಲ್ ಎಲೆಗಳ ಕೆಂಪು ನವೆಂಬರ್ ನಡುವಿನಿಂದ ಡಿಸೆಂಬರ್ ಆರಂಭದವರೆಗೆ. ಎರಡೂ ಕಾಲ ಕಣ್ಣಿಗೆ ಹಬ್ಬ. ಆದರೆ ಆಗ ಕೋಣೆಯ ಬಾಡಿಗೆ ಏರಿರುತ್ತದೆ, ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಏಪ್ರಿಲ್ 29ರಿಂದ ಮೇ 5ರವರೆಗಿನ ಸಾಲು ರಜೆ, ಆಗಸ್ಟ್ ನಡುವಿನ ಪಿತೃಗಳ ಹಬ್ಬ ಓಬೋನ್ ಮತ್ತು ಹೊಸ ವರ್ಷದ ಮೊದಲ ದಿನಗಳನ್ನು ತಪ್ಪಿಸಿ; ಆಗ ಇಡೀ ದೇಶವೇ ಪ್ರಯಾಣದಲ್ಲಿರುತ್ತದೆ. ಜೂನ್‌ನಿಂದ ಜುಲೈ ನಡುವಿನವರೆಗೆ ಮಳೆ. ಆಮೇಲಿನ ಸೆಕೆ ನಮ್ಮ ಮಂಗಳೂರಿನ ಮೇ ತಿಂಗಳನ್ನು ನೆನಪಿಸುತ್ತದೆ, ಏಕೆಂದರೆ ಕ್ಯೋಟೊ ಮೂರು ಕಡೆ ಬೆಟ್ಟಗಳಿರುವ ಬಟ್ಟಲು.

ನನ್ನ ಆಯ್ಕೆ ಎರಡು: ಮೇ ಎರಡನೆಯ ಅರ್ಧ, ಇಲ್ಲವೇ ಡಿಸೆಂಬರ್ ಎರಡನೆಯ ವಾರ. ಮೇ ತಿಂಗಳಲ್ಲಿ ಮೇಪಲ್ ಎಳೆಹಸಿರಾಗಿರುತ್ತದೆ, ದಿನ ದೀರ್ಘವಾಗಿರುತ್ತದೆ. ಡಿಸೆಂಬರಿನಲ್ಲಿ ಚಳಿ ಇದ್ದರೂ ಜನ ಕಡಿಮೆ.

ಹಬ್ಬಕ್ಕಾಗಿಯೇ ಹೋಗುವವರಿಗೆ ಮಾತ್ರ ಜುಲೈ ಸರಿ. 869ರ ಸಾಂಕ್ರಾಮಿಕ ರೋಗದ ಕಾಲದಲ್ಲಿ ಮೊದಲಾದ ಕ್ಯೋಟೊದ ಗಿಯೋನ್ ಹಬ್ಬದ ರಥಗಳು ಜುಲೈ 17 ಮತ್ತು 24ರಂದು ಬೀದಿಗೆ ಬರುತ್ತವೆ. ಅವುಗಳ ಮೈಗೆ ಹೊದಿಸುವ ಹಳೆಯ ವಿದೇಶಿ ರತ್ನಗಂಬಳಿಗಳಲ್ಲಿ ದಖ್ಖನಿನಲ್ಲಿ ನೇಯ್ದವೆಂದು ತಜ್ಞರು ಗುರುತಿಸಿದವೂ ಇವೆ.

ಹಂತ 2: ಟಿಕೆಟ್, ವೀಸಾ, ಹಣ

ಇಳಿಯಬೇಕಾದದ್ದು ಒಸಾಕಾ ಬಳಿಯ ಕನ್ಸಾಯ್ ವಿಮಾನ ನಿಲ್ದಾಣದಲ್ಲಿ. ಸಮುದ್ರದಲ್ಲಿ ಕೃತಕ ದ್ವೀಪ ಕಟ್ಟಿ 1994ರಲ್ಲಿ ತೆರೆದ ನಿಲ್ದಾಣ ಅದು. ಬೆಂಗಳೂರಿನಿಂದ ಸಿಂಗಪುರ, ಬ್ಯಾಂಕಾಕ್, ಕ್ವಾಲಾಲಂಪುರ ಅಥವಾ ಹಾಂಗ್‌ಕಾಂಗ್ ಮೂಲಕ ಹೋಗಬಹುದು. ಹೋಗುವುದು, ಬರುವುದು ಎರಡೂ ಇಲ್ಲಿಂದಲೇ ಆಗಲಿ.

ವೀಸಾ ಅರ್ಜಿಯ ಜೊತೆಗೆ ದಿನದಿನದ ಕಾರ್ಯಕ್ರಮ ಪಟ್ಟಿ, ಬ್ಯಾಂಕ್ ಹೇಳಿಕೆ, ಆದಾಯ ತೆರಿಗೆ ದಾಖಲೆ ಮತ್ತು ವಿಮಾನ ಹಾಗೂ ಕೋಣೆಯ ಕಾಯ್ದಿರಿಸುವಿಕೆ ಕೊಡಬೇಕು. ಕಾರ್ಯಕ್ರಮ ಪಟ್ಟಿಯಲ್ಲಿ ಯಾವ ರಾತ್ರಿ ಯಾವ ಊರು ಎಂಬುದು ಕೋಣೆಯ ಚೀಟಿಯೊಂದಿಗೆ ಸರಿಯಾಗಿ ಹೊಂದಬೇಕು. ಹಣ ಪೂರ್ತಿ ಹಿಂದಿರುಗುವ ಷರತ್ತಿನ ಕೋಣೆಗಳನ್ನೇ ಮೊದಲು ಹಿಡಿಯಿರಿ. ವೀಸಾ ಬಂದ ಮೇಲೆ ವಿಸಿಟ್ ಜಪಾನ್ ವೆಬ್ ಎಂಬ ಸರ್ಕಾರಿ ಜಾಲತಾಣದಲ್ಲಿ ವಿವರ ತುಂಬಿ ಕ್ಯೂಆರ್ ಸಂಕೇತ ಪಡೆದರೆ ನಿಲ್ದಾಣದಲ್ಲಿ ಕಾಗದ ತುಂಬುವ ಕೆಲಸ ಉಳಿಯುತ್ತದೆ.

ಪೆಟ್ಟಿಗೆ ಕಟ್ಟುವಾಗ ಎರಡು ಎಚ್ಚರ. ಸ್ಯೂಡೋಎಫೆಡ್ರಿನ್ ಪ್ರಮಾಣ ಹೆಚ್ಚಿರುವ ಶೀತದ ಮಾತ್ರೆ ಅಲ್ಲಿ ನಿಷಿದ್ಧ. ಕೊಡೀನ್ ಇರುವ ಕೆಮ್ಮಿನ ಔಷಧಿಗೂ ಮಿತಿ ಇದೆ. ಹಸಿ ಹಣ್ಣು, ತರಕಾರಿ, ಕರಿಬೇವಿನ ಸೊಪ್ಪು ಸಸ್ಯ ತಪಾಸಣೆಯಲ್ಲಿ ಸಿಕ್ಕಿಬೀಳುತ್ತವೆ, ಮಾಂಸದ ಪದಾರ್ಥವಂತೂ ಕೂಡದು. ಚಟ್ನಿಪುಡಿ, ಅವಲಕ್ಕಿ, ಖಾಕ್ರಾ ಒಯ್ಯಿರಿ.

100 ಯೆನ್ ಎಂದರೆ ಸುಮಾರು 60 ರೂಪಾಯಿ ಎಂದು ಲೆಕ್ಕ ಹಿಡಿಯಿರಿ, ದರ ಏರಿಳಿಯುತ್ತದೆ. ದೊಡ್ಡ ಅಂಗಡಿಗಳಲ್ಲಿ ಕಾರ್ಡ್ ನಡೆಯುತ್ತದೆ. ದೇವಾಲಯಗಳ ಪ್ರವೇಶ, ಸಣ್ಣ ಹೋಟೆಲು, ಹುಂಡಿಗೆ ನಾಣ್ಯವೇ ಬೇಕು. ಸೆವೆನ್ ಇಲೆವೆನ್ ಅಂಗಡಿಗಳ ಎಟಿಎಂ ವಿದೇಶಿ ಕಾರ್ಡುಗಳನ್ನು ಒಪ್ಪುತ್ತದೆ. ಪಾಸ್‌ಪೋರ್ಟ್ ಸದಾ ಜೇಬಿನಲ್ಲಿರಲಿ, ಅಲ್ಲಿನ ಕಾನೂನೇ ಹಾಗೆ.

ಹಂತ 3: ತಂಗುವ ಜಾಗ ಮತ್ತು ರೈಲು

ಕ್ಯೋಟೊದಲ್ಲಿ ಐದು ರಾತ್ರಿ ಒಂದೇ ಕೋಣೆಯಲ್ಲಿರಿ. ಊರು ಬದಲಾಯಿಸಿದಷ್ಟೂ ಅರ್ಧ ದಿನ ಸೂಟ್‌ಕೇಸಿಗೆ ಹೋಗುತ್ತದೆ. ಕ್ಯೋಟೊ ನಿಲ್ದಾಣದ ಸುತ್ತಮುತ್ತಲೇ ಕೋಣೆ ಹಿಡಿಯುವುದು ಒಳ್ಳೆಯದು, ಏಕೆಂದರೆ ಈ ಮಾರ್ಗದರ್ಶಿಯ ಅರ್ಧಕ್ಕೂ ಹೆಚ್ಚು ಮುಂಜಾವುಗಳು ಆ ನಿಲ್ದಾಣದಿಂದಲೇ ಹೊರಡುತ್ತವೆ.

ಇಡೀ ದೇಶಕ್ಕೆ ಅನ್ವಯಿಸುವ ಜೆಆರ್ (ಜಪಾನ್ ರೈಲ್ವೇಸ್) ಪಾಸ್ ಖರೀದಿಸಬೇಡಿ. 2023ರ ಅಕ್ಟೋಬರಿನಲ್ಲಿ ಅದರ ಏಳು ದಿನದ ಬೆಲೆ 29,650 ಯೆನ್‌ನಿಂದ 50,000ಕ್ಕೆ ಏರಿತು. ನಮ್ಮ ದಾರಿಗೆ ಅದು ಶುದ್ಧ ನಷ್ಟ. ಇಕೋಕಾ ಎಂಬ ಮುಂಗಡ ಹಣದ ಕಾರ್ಡ್ ತೆಗೆದುಕೊಂಡರೆ ರೈಲು, ಬಸ್, ಅಂಗಡಿ ಎಲ್ಲ ಕಡೆ ಮುಟ್ಟಿಸಿ ಸಾಗಬಹುದು. ಹಿರೋಶಿಮಾ ಭಾಗಕ್ಕೆ ಮಾತ್ರ ಐದು ದಿನದ ಕನ್ಸಾಯ್ ಹಿರೋಶಿಮಾ ಪಾಸ್ ತೆಗೆದುಕೊಳ್ಳಿ. ಅದು ಶಿನ್ ಒಸಾಕಾದಿಂದ ಹಿರೋಶಿಮಾವರೆಗಿನ ಬುಲೆಟ್ ರೈಲಿಗೆ ಸಲ್ಲುತ್ತದೆ. ಕ್ಯೋಟೊದಿಂದ ಶಿನ್ ಒಸಾಕಾವರೆಗಿನ ಬುಲೆಟ್ ರೈಲಿಗೆ ಸಲ್ಲುವುದಿಲ್ಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ.

ಕ್ಯೋಟೊದ ಬಸ್ಸು ಹಿಂಬಾಗಿಲಿಂದ ಹತ್ತಿ ಮುಂಬಾಗಿಲಲ್ಲಿ ಹಣ ಕೊಟ್ಟು ಇಳಿಯುವಂಥದು. ಬೆಳಿಗ್ಗೆ ಒಂಬತ್ತರ ನಂತರ ಅದರಲ್ಲಿ ನಿಲ್ಲಲೂ ಆಗದು. ರೈಲು ಇರುವಲ್ಲಿ ರೈಲನ್ನೇ ಹಿಡಿಯಿರಿ. ರೈಲಿನೊಳಗೆ ಫೋನಿನಲ್ಲಿ ಮಾತಾಡಬೇಡಿ, ಬೀದಿಯಲ್ಲಿ ಕಸದ ಬುಟ್ಟಿ ಸಿಗುವುದಿಲ್ಲವಾದ್ದರಿಂದ ಚೀಲದಲ್ಲೊಂದು ಖಾಲಿ ಕವರ್ ಇಟ್ಟುಕೊಳ್ಳಿ.

ಹಂತ 4: ಸಸ್ಯಾಹಾರಿಗಳ ಊಟ

ಇದನ್ನು ಮೊದಲೇ ತಿಳಿದಿರದಿದ್ದರೆ ಪ್ರವಾಸದುದ್ದಕ್ಕೂ ಹೊಟ್ಟೆಯದೇ ಚಿಂತೆಯಾಗುತ್ತದೆ. ಜಪಾನೀ ಅಡುಗೆಯ ತಳಹದಿ ದಾಶಿ ಎಂಬ ತಿಳಿಸಾರು. ಬಹುಪಾಲು ಅದನ್ನು ಒಣಗಿಸಿದ ಕತ್ಸುಓ ಮೀನಿನ ಹೆರೆಯಿಂದ ಕಾಯಿಸುತ್ತಾರೆ. ಉದೋನ್ ಶಾವಿಗೆಯ ಸಾರು, ಮಿಸೋ ಸಾರು, ಬೇಯಿಸಿದ ತರಕಾರಿ, ಕೊನೆಗೆ ಇನಾರಿ ಸುಶಿಯ ಸಿಹಿ ತೋಫು ಚೀಲದಲ್ಲೂ ಅದಿರುತ್ತದೆ. ‘ಸಸ್ಯಾಹಾರಿ’ ಎಂದರೆ ತಟ್ಟೆಯಲ್ಲಿ ಮಾಂಸದ ತುಂಡು ಇರಬಾರದು ಎಂದಷ್ಟೇ ಹಲವರು ತಿಳಿಯುತ್ತಾರೆ. ಆದ್ದರಿಂದ ಹೀಗೆ ಹೇಳಿ: ‘ನಿಕು ತೊ ಸಕಾನಾ ವ ತಾಬೆಮಾಸೆನ್. ಕತ್ಸುಓ ನೊ ದಾಶಿ ಮೊ ದಾಮೆ ದೆಸು.’ ಮಾಂಸ, ಮೀನು ತಿನ್ನುವುದಿಲ್ಲ, ಕತ್ಸುಓ ದಾಶಿಯೂ ಆಗದು ಎಂದರ್ಥ. ಜಪಾನೀ ಲಿಪಿಯಲ್ಲಿ ಇದನ್ನು ಮುದ್ರಿಸಿಕೊಂಡು ತೋರಿಸಿದರೆ ಇನ್ನೂ ಒಳ್ಳೆಯದು.

ಸಮಾಧಾನದ ಮಾತೂ ಇದೆ. ಬೌದ್ಧ ಮಠಗಳ ಶೋಜಿನ್ ರ್ಯೋರಿ ಎಂಬ ಊಟ ಶುದ್ಧ ಸಸ್ಯಾಹಾರ. ಅದರ ದಾಶಿ ಕೊಂಬು ಎಂಬ ಕಡಲ ಸೊಪ್ಪು ಮತ್ತು ಶೀತಾಕೆ ಅಣಬೆಯದು. ಈರುಳ್ಳಿ, ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ, ನಮ್ಮ ಮಡಿಯ ಅಡುಗೆಯಂತೆಯೇ. ಕ್ಯೋಟೊದ ನಾನ್‌ಜೆನ್-ಜಿ ಮಂದಿರದ ಸುತ್ತಮುತ್ತ ಬಿಸಿ ತೋಫುವಿನ ಊಟ ಹೆಸರಾಂತದ್ದು. ಮೂಲೆಯಂಗಡಿಗಳಲ್ಲಿ ಉಪ್ಪು ಹಾಕಿದ ಉಮೆ ಹಣ್ಣನ್ನು ಒಳಗಿಟ್ಟ ಅನ್ನದುಂಡೆ ಸಿಗುತ್ತದೆ. ಚೀಟಿಯನ್ನು ಫೋನಿನ ಕ್ಯಾಮೆರಾದಲ್ಲಿ ಅನುವಾದಿಸಿ ಓದಿಯೇ ಕೊಳ್ಳಿ. ನೇಪಾಳಿಗಳು ನಡೆಸುವ ಭಾರತೀಯ ಹೋಟೆಲು ಹೆಚ್ಚಿನ ಪಟ್ಟಣಗಳಲ್ಲಿದೆ.

ಹಂತ 5: ಒಳಗೆ ಹೋಗುವ ಮುನ್ನ

ಹೆಸರಿನ ಬಾಲ ನೋಡಿ: ‘ಜಿ’, ‘ದೆರಾ’, ‘ಇನ್’ ಎಂದು ಮುಗಿದರೆ ಸಾಮಾನ್ಯವಾಗಿ ಬೌದ್ಧ ಮಂದಿರ, ‘ಜಿಂಜಾ’, ‘ತೈಶಾ’, ‘ಜಿಂಗೂ’ ಎಂದರೆ ಜಪಾನಿನ ಮೂಲ ಧರ್ಮವಾದ ಶಿಂಟೋದ ದೇವಸ್ಥಾನ. ಶಿಂಟೋ ದೇವಸ್ಥಾನಕ್ಕೆ ತೋರಿ ಎಂಬ ದ್ವಾರವಿರುತ್ತದೆ. ನೀರಿನ ತೊಟ್ಟಿಯ ಬಳಿ ಸೌಟಿನಿಂದ ಮೊದಲು ಎಡಗೈ, ಆಮೇಲೆ ಬಲಗೈ ತೊಳೆದು, ಎಡ ಅಂಗೈಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸಬೇಕು. ದೇವರ ಮುಂದೆ ಎರಡು ಸಲ ತಲೆಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ತಲೆಬಾಗುವುದು ಕ್ರಮ. ಬೌದ್ಧ ಮಂದಿರದಲ್ಲಿ ಚಪ್ಪಾಳೆ ಇಲ್ಲ, ಕೈಮುಗಿಯುವುದಷ್ಟೇ. ಐದು ಯೆನ್ ನಾಣ್ಯಕ್ಕೆ ಗೋ-ಎನ್ ಎನ್ನುತ್ತಾರೆ. ‘ಋಣಾನುಬಂಧ’ ಎಂಬರ್ಥದ ಮಾತಿನ ಉಚ್ಚಾರವೂ ಅದೇ. ಹಾಗಾಗಿ ಹುಂಡಿಗೆ ಅದನ್ನು ಹಾಕುವುದು ರೂಢಿ.

ಬೂಟು ಬಿಚ್ಚಿ ಹಾಕುವ ಪ್ರಸಂಗ ದಿನಕ್ಕೆ ಹತ್ತು ಸಲ ಬರುತ್ತದೆ. ದಾರ ಕಟ್ಟುವ ಬೂಟು ಬೇಡ, ತೂತಿಲ್ಲದ ಕಾಲುಚೀಲ ಬೇಕು. ಮೊದಲ ದಿನವೇ ಗೋಶುಯಿನ್ ಪುಸ್ತಕ ಕೊಳ್ಳಿ. ಪ್ರತಿ ದೇವಾಲಯದಲ್ಲೂ ಮುನ್ನೂರರಿಂದ ಐನೂರು ಯೆನ್ ಕೊಟ್ಟರೆ ಕುಂಚದಲ್ಲಿ ದೇವರ ಹೆಸರು ಬರೆದು ಕೆಂಪು ಮುದ್ರೆ ಒತ್ತಿಕೊಡುತ್ತಾರೆ. ಆ ಶಾಯಿ ಒಣಗುವವರೆಗೆ ಕಾದು ಪುಟ ಮಡಿಸುವ ಅರ್ಚಕರ ಕೈಯನ್ನು ನೋಡುವುದೇ ಒಂದು ಸಂತೋಷ.

ದಿನ 1 ಮತ್ತು 2: ಬಂದಿಳಿದು, ಫುಶಿಮಿ ಇನಾರಿ ಮತ್ತು ಉಜಿ

ವಿಮಾನ ನಿಲ್ದಾಣದಿಂದ ಹರುಕಾ ಎಕ್ಸ್‌ಪ್ರೆಸ್ ಸುಮಾರು 80 ನಿಮಿಷದಲ್ಲಿ ಕ್ಯೋಟೊಗೆ ತರುತ್ತದೆ. ಮೊದಲ ದಿನ ಬೇರೇನೂ ಇಟ್ಟುಕೊಳ್ಳಬೇಡಿ, ಬೇಗ ಮಲಗಿ.

ಎರಡನೆಯ ದಿನ ಬೆಳಕು ಹರಿಯುವ ಮುನ್ನವೇ ಏಳಿ. ಜೆಆರ್ ನಾರಾ ಮಾರ್ಗದ ಸ್ಥಳೀಯ ರೈಲಿನಲ್ಲಿ ಎರಡನೆಯ ನಿಲ್ದಾಣ ಇನಾರಿ. ವೇಗದ ರೈಲು ಅಲ್ಲಿ ನಿಲ್ಲುವುದಿಲ್ಲ. ದೇವಸ್ಥಾನ ನಿಲ್ದಾಣದ ಎದುರಿಗೇ ಇದೆ, ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುತ್ತದೆ, ಪ್ರವೇಶ ಶುಲ್ಕವಿಲ್ಲ. 711ರಲ್ಲಿ ಸ್ಥಾಪನೆಯಾಯಿತೆನ್ನುವ ಈ ಕ್ಷೇತ್ರದ ದೇವತೆ ಇನಾರಿ ಭತ್ತದ, ವ್ಯಾಪಾರದ ದೇವತೆ. ನರಿ ಅದರ ದೂತ. ಕಲ್ಲಿನ ನರಿಗಳ ಬಾಯನ್ನು ಗಮನಿಸಿ: ಒಂದು ಕಣಜದ ಬೀಗದಕೈ ಕಚ್ಚಿರುತ್ತದೆ, ಇನ್ನೊಂದು ರತ್ನ.

ಸಾವಿರಾರು ಕಿತ್ತಳೆಗೆಂಪು ತೋರಿಗಳ ಸಾಲಿನಲ್ಲಿ ಹತ್ತುವಾಗ ಹಿಂತಿರುಗಿ ನೋಡಿ. ಮುಂದಿನಿಂದ ಬರಿಯ ಬಣ್ಣವಾಗಿ ಕಾಣುವ ಕಂಬಗಳ ಹಿಂಬದಿಯಲ್ಲಿ ಹರಕೆ ಹೊತ್ತವರ ಹೆಸರು, ಇಟ್ಟ ತಿಂಗಳು ಕಪ್ಪಕ್ಷರದಲ್ಲಿ ಕೊರೆದಿರುತ್ತದೆ. ಮರದ ಕಂಬ ಬುಡದಲ್ಲಿ ಕೊಳೆತಾಗ ತೆಗೆದು ಹೊಸದನ್ನು ನಿಲ್ಲಿಸುತ್ತಾರೆ; ಹಾಗಾಗಿ ಈ ದಾರಿ ಹಳೆಯದೂ ಹೌದು, ಪ್ರತಿ ವರ್ಷ ಹೊಸದೂ ಹೌದು. ಬೆಟ್ಟದ ಎತ್ತರ 233 ಮೀಟರ್, ಪೂರ್ತಿ ಸುತ್ತಲು ಎರಡರಿಂದ ಮೂರು ಗಂಟೆ. ಆಗದಿದ್ದರೆ ಯೋತ್ಸುತ್ಸುಜಿ ಎಂಬ ನಾಲ್ಕುದಾರಿ ಕೂಡುವ ಜಾಗದವರೆಗಾದರೂ ಹೋಗಿ, ಅಲ್ಲಿಂದ ಊರಿಡೀ ಕಾಣುತ್ತದೆ. ಎಂಟೂವರೆಗೆ ಕೆಳಗಿಳಿದರೆ ಜನಜಾತ್ರೆ ನಿಮ್ಮ ಎದುರಿನಿಂದ ಬರುತ್ತಿರುತ್ತದೆ.

ಅದೇ ರೈಲು ಮಾರ್ಗದಲ್ಲಿ ಮುಂದೆ ಉಜಿ ಇದೆ. ಇಲ್ಲಿಗೆ ಬರುವ ಮುನ್ನ ಜೇಬಿನಿಂದ ಹತ್ತು ಯೆನ್ ನಾಣ್ಯ ತೆಗೆದು ನೋಡಿ. ಅದರ ಮೇಲಿರುವ ಕಟ್ಟಡವೇ ಬ್ಯೋದೋ-ಇನ್‌ನ ಫೀನಿಕ್ಸ್ ಮಂಟಪ. 1053ರಲ್ಲಿ ಫುಜಿವಾರಾ ನೊ ಯೊರಿಮಿಚಿ ಕಟ್ಟಿಸಿದ್ದು, ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಕೊಳದ ಮೇಲೆ ನಿಂತಿದೆ. ಒಳಗೆ ಶಿಲ್ಪಿ ಜೋಚೋ ಕೆತ್ತಿದ ಅಮಿದಾ ಬುದ್ಧ. ಒಳಮಂಟಪಕ್ಕೆ ಸೀಮಿತ ಸಂಖ್ಯೆಯ ಪ್ರತ್ಯೇಕ ಟಿಕೆಟ್ ಇರುವುದರಿಂದ ಬಂದ ಕೂಡಲೇ ಅದನ್ನು ಪಡೆಯಿರಿ. ಉಜಿ ಚಹಾದ ಊರೂ ಹೌದು. ನದಿದಂಡೆಯ ಅಂಗಡಿಯಲ್ಲಿ ಕುಳಿತು ಮಾಚ್ಚಾ ಎಂಬ ಹಸಿರು ಚಹಾಪುಡಿಯ ಪಾನೀಯ ಕುಡಿಯದೆ ಹಿಂತಿರುಗಬೇಡಿ.

ದಿನ 3: ಕಿಯೋಮಿಜು-ದೆರಾ, ಗಿಯೋನ್, ಸಂಜೂಸಂಗೆನ್-ದೋ

ಕಿಯೋಮಿಜು-ದೆರಾ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಆರಕ್ಕೇ ಬಾಗಿಲಲ್ಲಿರಿ. 778ರಲ್ಲಿ ಸ್ಥಾಪನೆ, ಈಗಿನ ಮುಖ್ಯ ಮಂಟಪ 1633ರದು. ಇಳಿಜಾರಿನ ಮೇಲೆ 13 ಮೀಟರ್ ಎತ್ತರದ ಮರದ ಜಗಲಿಯನ್ನು ಮೊಳೆ ಬಳಸದೆ ಕಂಬಕ್ಕೆ ತೊಲೆ ಸೇರಿಸಿ ನಿಲ್ಲಿಸಿದ್ದಾರೆ. ದೊಡ್ಡ ನಿರ್ಧಾರಕ್ಕೆ ಧುಮುಕುವುದನ್ನು ಜಪಾನಿಗಳು ‘ಕಿಯೋಮಿಜು ಜಗಲಿಯಿಂದ ಹಾರಿದಂತೆ’ ಎನ್ನುತ್ತಾರೆ. ಮೇಲಿಂದ ನೋಡಿ ಬಂದುಬಿಡಬೇಡಿ. ಕೆಳಗಿನ ದಾರಿಯಲ್ಲಿ ನಿಂತು ತಲೆಯೆತ್ತಿದಾಗಲೇ ಆ ಕಂಬಗಳ ಕಾಡು ಅರ್ಥವಾಗುವುದು. ಕೆಳಗೆ ಒತೋವಾ ಜಲಧಾರೆಯ ಮೂರು ಎಳೆ ನೀರು ಬೀಳುತ್ತದೆ. ಮೂರನ್ನೂ ಕುಡಿಯುವುದು ದುರಾಸೆ ಎನ್ನುತ್ತಾರೆ, ಒಂದನ್ನು ಆರಿಸಿಕೊಳ್ಳಿ.

ಸನ್ನೆನ್‌ಜಾಕಾ, ನಿನೆನ್‌ಜಾಕಾ ಎಂಬ ಕಲ್ಲುಮೆಟ್ಟಿಲ ಬೀದಿಗಳಲ್ಲಿ ಇಳಿದರೆ ಗಿಯೋನ್ ಸಿಗುತ್ತದೆ. ಇಲ್ಲಿನ ಕಲಾವಿದೆಯರಾದ ಗೇಕೋ, ಮಾಯ್ಕೋಗಳನ್ನು ಅಡ್ಡಗಟ್ಟಿ ಫೋಟೋ ತೆಗೆಯುವುದು ಅಸಭ್ಯತನ. ಖಾಸಗಿ ಓಣಿಗಳಿಗೆ ಪ್ರವಾಸಿಗರ ಪ್ರವೇಶ ನಿಷೇಧಿಸಿ 10,000 ಯೆನ್ ದಂಡದ ಫಲಕ ಹಾಕಿದ್ದಾರೆ. ಫಲಕ ನೋಡಿ ನಡೆಯಿರಿ.

ಮಧ್ಯಾಹ್ನವನ್ನು ಪೂರ್ತಿ ಸಂಜೂಸಂಗೆನ್-ದೋಗೆ ಕೊಡಿ. ಕ್ಯೋಟೊದಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ಯಾವುದು ಎಂದು ಕೇಳಿದವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ. ಚಿನ್ನದ ಮಂಟಪಕ್ಕೆ ಹೋದವರಲ್ಲಿ ಎಷ್ಟೋ ಜನ ಇಲ್ಲಿಗೆ ಬಂದೇ ಇರುವುದಿಲ್ಲ, ಅದು ನನಗೆ ನಿಜಕ್ಕೂ ನೋವಿನ ಸಂಗತಿ. 1164ರಲ್ಲಿ ಕಟ್ಟಿ, ಬೆಂಕಿಗೆ ಆಹುತಿಯಾಗಿ, 1266ರಲ್ಲಿ ಮತ್ತೆ ಎದ್ದ ಮಂಟಪ. ಉದ್ದ ಸುಮಾರು 120 ಮೀಟರ್, ಕಂಬಗಳ ನಡುವೆ 33 ಅಂಕಣ. ಒಳಗೆ ಮಂದ ಬೆಳಕಿನಲ್ಲಿ ಸಹಸ್ರಭುಜ ಕನ್ನೋನ್, ಅಂದರೆ ಅವಲೋಕಿತೇಶ್ವರನ 1001 ವಿಗ್ರಹ. ನಡುವೆ ಶಿಲ್ಪಿ ತಾಂಕೆಯ್ ಕೆತ್ತಿದ ದೊಡ್ಡ ಮೂರ್ತಿ, ಎರಡೂ ಕಡೆ ಐನೂರೈನೂರು ಆಳೆತ್ತರದ ಮೂರ್ತಿಗಳು.

ಅವುಗಳ ಮುಂದೆ ಕಾವಲಿಗೆ 28 ದೇವತೆಗಳು ನಿಂತಿದ್ದಾರೆ. ಒಬ್ಬೊಬ್ಬರ ಎದುರೂ ನಿಲ್ಲಿ. ಬೊನ್‌ತೆನ್ ಎಂದರೆ ಬ್ರಹ್ಮ. ತೈಶಾಕುತೆನ್ ಎಂದರೆ ಇಂದ್ರ. ಬಿಶಾಮೊನ್‌ತೆನ್ ನಮ್ಮ ವೈಶ್ರವಣ, ಕುಬೇರ. ಅಶುರಾ, ಕಿನ್ನರಾ ಎಂಬ ಹೆಸರುಗಳಿಗೆ ಅನುವಾದವೇ ಬೇಡ. ಕರುರಾ ಹಕ್ಕಿಯ ಕೊಕ್ಕಿನ ಗರುಡ. ಇಲ್ಲಿ ಅವನು ವಿಷ್ಣುವನ್ನು ಹೊತ್ತಿಲ್ಲ, ರೆಕ್ಕೆ ಬಿಚ್ಚಿ ನಿಂತು ಕೊಳಲು ಊದುತ್ತಿದ್ದಾನೆ. ಬಸು ಸೆನ್ನಿನ್ ಎಂಬ ಮುದಿ ಋಷಿಯ ಎಲುಬು ಎದ್ದ ಎದೆ, ದೊಣ್ಣೆ ಹಿಡಿದ ಕೈ, ಸ್ಫಟಿಕದ ಕಣ್ಣು ನೋಡುತ್ತ ನಾನು ಬಹಳ ಹೊತ್ತು ನಿಂತಿದ್ದೆ. ನಮ್ಮ ಪುರಾಣ ಚೀನಾದ ದಾರಿಯಲ್ಲಿ ನಡೆದು, ಕಡಲು ದಾಟಿ, ಇನ್ನೊಂದು ನಾಡಿನ ಮರದಲ್ಲಿ ಕಣ್ಣು ತೆರೆದಿದೆ. ಫೋಟೋ ತೆಗೆಯುವಂತಿಲ್ಲ, ಆದ್ದರಿಂದ ಕಣ್ಣಿಗೇ ಕೆಲಸ ಕೊಡಿ.

ಹಿಂಬದಿಯ ಜಗಲಿಯಲ್ಲಿ ಹಿಂದೆ ಬಿಲ್ಲುಗಾರರ ಪಂದ್ಯ ನಡೆಯುತ್ತಿತ್ತು. 1686ರಲ್ಲಿ ವಾಸಾ ದಾಯ್ಹಾಚಿರೋ ಎಂಬವನು ಒಂದು ಹಗಲು ಒಂದು ರಾತ್ರಿಯಲ್ಲಿ 13,053 ಬಾಣ ಬಿಟ್ಟು 8,133ನ್ನು ಜಗಲಿಯ ಇನ್ನೊಂದು ತುದಿ ಮುಟ್ಟಿಸಿದ.

ದಿನ 4: ನಾರಾ

ಕಿಂತೆತ್ಸು ರೈಲಿನಲ್ಲಿ ಹೋಗಿ, ಅದರ ನಿಲ್ದಾಣ ಉದ್ಯಾನಕ್ಕೆ ಹತ್ತಿರ. ಇಳಿದ ಕೂಡಲೇ ಜಿಂಕೆಗಳು. ಅವು ಕಸುಗಾ ದೇವರ ದೂತರೆಂಬ ನಂಬಿಕೆ. 1957ರಿಂದ ಕಾನೂನಿನ ರಕ್ಷಣೆಯೂ ಇದೆ. ಜಿಂಕೆ ಬಿಸ್ಕತ್ತು ಕೊಂಡರೆ ತಲೆಬಾಗಿ ಬೇಡುತ್ತವೆ. ತೋರಿಸಿ ಸತಾಯಿಸಬೇಡಿ, ಕಚ್ಚುತ್ತವೆ. ಬಿಸ್ಕತ್ತು ಮುಗಿದಾಗ ಎರಡೂ ಅಂಗೈ ತೆರೆದು ತೋರಿಸಿ.

ತೋದಾಯ್-ಜಿಯ ದಕ್ಷಿಣ ಮಹಾದ್ವಾರದಲ್ಲಿ ಎಲ್ಲರೂ ಜಿಂಕೆಗಳನ್ನು ನೋಡುತ್ತ ಒಳಗೆ ಹೋಗಿಬಿಡುತ್ತಾರೆ. ನೀವು ದ್ವಾರದ ಒಳಗೆ ಎಡಬಲಕ್ಕೆ ತಿರುಗಿ. ಎಂಟು ಮೀಟರಿಗೂ ಎತ್ತರದ ಇಬ್ಬರು ದ್ವಾರಪಾಲಕರು. ಉಂಕೆಯ್, ಕಾಯ್ಕೆಯ್ ಮತ್ತು ಅವರ ತಂಡ 1203ರಲ್ಲಿ ಕೇವಲ 69 ದಿನಗಳಲ್ಲಿ ಕೆತ್ತಿದ್ದು. ಒಬ್ಬನ ಬಾಯಿ ತೆರೆದಿದೆ, ಇನ್ನೊಬ್ಬನದು ಮುಚ್ಚಿದೆ. ತೆರೆದ ಬಾಯಿ ‘ಅ’ ಎನ್ನುತ್ತದೆ, ಮುಚ್ಚಿದ್ದು ‘ಉನ್’, ಅಂದರೆ ಸಂಸ್ಕೃತದ ‘ಹೂಂ’. ನಾದದ ಆದಿ ಮತ್ತು ಅಂತ್ಯ.

ಒಳಗಿನ ಮಹಾಬುದ್ಧ ಸುಮಾರು 15 ಮೀಟರ್ ಎತ್ತರದ ಕಂಚಿನ ವೈರೋಚನ. ಚಕ್ರವರ್ತಿ ಶೋಮು ಮಾಡಿಸಿದ ಈ ಮೂರ್ತಿಗೆ 752ರಲ್ಲಿ ನೇತ್ರೋನ್ಮೀಲನವಾಯಿತು. ಕಣ್ಣಿಗೆ ಶಾಯಿ ಇಟ್ಟವರು ಬೋಧಿಸೇನ. 736ರಲ್ಲಿ ಚೀನಾದ ಮೂಲಕ ಜಪಾನಿಗೆ ಬಂದ ಅವರನ್ನು ದಕ್ಷಿಣ ಭಾರತದ ಬ್ರಾಹ್ಮಣ ಕುಲದ ಭಿಕ್ಷು ಎಂದು ಅಲ್ಲಿನ ದಾಖಲೆಗಳು ಹೇಳುತ್ತವೆ. ಆ ಕುಂಚಕ್ಕೆ ಉದ್ದನೆಯ ದಾರಗಳನ್ನು ಕಟ್ಟಿ ನೆರೆದವರ ಕೈಗೆ ಕೊಟ್ಟಿದ್ದರಂತೆ, ಎಲ್ಲರೂ ಸೇರಿ ಕಣ್ಣು ಬರೆದ ಪುಣ್ಯ ಬರಲೆಂದು. ಆ ಕುಂಚ ಹತ್ತಿರದ ಶೋಸೋ-ಇನ್ ಖಜಾನೆಯಲ್ಲಿ ಇಂದಿಗೂ ಇದೆ. ಆ ದಿನ ಸಾಲಿನಲ್ಲಿ ದಾರ ಹಿಡಿದು ನಿಂತವರಿಗೆ ತುದಿಯಲ್ಲಿದ್ದ ಆ ಪರದೇಶಿ ಭಿಕ್ಷು ಹೇಗೆ ಕಂಡಿರಬಹುದು ಎಂದು ನಾನು ಅಲ್ಲಿ ನಿಂತಾಗಲೆಲ್ಲ ಯೋಚಿಸುತ್ತೇನೆ.

ಮಂಟಪ 1180 ಮತ್ತು 1567ರಲ್ಲಿ ಯುದ್ಧದ ಬೆಂಕಿಗೆ ಸುಟ್ಟಿತು. ಈಗಿನದು 1709ರದು, ಅಗಲ ಮೊದಲಿನದರ ಮೂರನೆಯ ಎರಡು ಭಾಗ ಮಾತ್ರ, ಆದರೂ ಇದು 57 ಮೀಟರ್. ಸಮಯವಿದ್ದರೆ ಕಾಡಿನ ದಾರಿಯಲ್ಲಿ ನಡೆದು, 768ರಲ್ಲಿ ಸ್ಥಾಪನೆಯಾದ ಕಸುಗಾ ತೈಶಾದ ಮೂರು ಸಾವಿರದಷ್ಟು ದೀಪಗಳನ್ನು ನೋಡಿ. ಕಲ್ಲಿನ ದೀಪಗಳ ಮೇಲೆ ಪಾಚಿ ದಪ್ಪಗೆ ಕೂತಿರುತ್ತದೆ.

ದಿನ 5: ಚಿನ್ನ, ಕಲ್ಲು, ಕೂಗುವ ನೆಲ

ಬೆಳಿಗ್ಗೆ ಕಿಂಕಾಕು-ಜಿ. ಶೋಗನ್, ಅಂದರೆ ಸೇನಾಡಳಿತಗಾರ, ಅಶಿಕಾಗಾ ಯೊಶಿಮಿತ್ಸುವಿನ ಈ ಚಿನ್ನದ ಮಂಟಪವನ್ನು 1950ರಲ್ಲಿ ಅಲ್ಲಿನದೇ ಒಬ್ಬ ಎಳೆಯ ಭಿಕ್ಷು ಸುಟ್ಟ, ಈಗಿನದು 1955ರದು. ನೀರಿನಲ್ಲಿ ಬಿಂಬ ನೋಡಿ ಮುಂದೆ ಹೋಗಿ, ಅರ್ಧ ಗಂಟೆ ಸಾಕು. ಅಲ್ಲಿಂದ ಇಪ್ಪತ್ತು ನಿಮಿಷ ನಡೆದರೆ ರ್ಯೋಆನ್-ಜಿಯ ಕಲ್ಲಿನ ತೋಟ. ಬಿಳಿ ಜಲ್ಲಿಯಲ್ಲಿ 15 ಬಂಡೆಗಳಿವೆ, ಜಗಲಿಯ ಎಲ್ಲಿ ಕುಳಿತರೂ ಒಂದು ಮರೆಯಾಗುತ್ತದೆ. ಎಣಿಸುವುದನ್ನು ಬಿಟ್ಟ ಮೇಲೂ ಸ್ವಲ್ಪ ಹೊತ್ತು ಕುಳಿತಿರಿ.

ಮಧ್ಯಾಹ್ನ ನಿಜೋ ಕೋಟೆ. 1603ರಲ್ಲಿ ಶೋಗನ್ ತೊಕುಗಾವಾ ಇಯೆಯಾಸು ಕಟ್ಟಿಸಿದ. ನಿನೋಮಾರು ಅರಮನೆಯ ಪಡಸಾಲೆಯಲ್ಲಿ ಹೆಜ್ಜೆ ಇಟ್ಟರೆ ಹಲಗೆಗಳು ಉಗುಯಿಸು ಹಕ್ಕಿಯಂತೆ ಚಿಲಿಪಿಲಿಗುಟ್ಟುತ್ತವೆ. ಹಲಗೆಯಡಿಯ ಕಬ್ಬಿಣದ ಹಿಡಿಕೆ ಮೊಳೆಗೆ ಉಜ್ಜಿ ಬರುವ ಸದ್ದು. ಕೊನೆಯ ಶೋಗನ್ ಯೊಶಿನೊಬು 1867ರಲ್ಲಿ ಅಧಿಕಾರವನ್ನು ಚಕ್ರವರ್ತಿಗೆ ಮರಳಿಸುವುದಾಗಿ ತಿಳಿಸಿದ್ದೂ ಇದೇ ಅರಮನೆಯಲ್ಲಿ. ಆ ರಾತ್ರಿ ದೊಡ್ಡ ಪೆಟ್ಟಿಗೆಯನ್ನು ತಕ್ಕ್ಯೂಬಿನ್ ಎಂಬ ಸಾಮಾನು ಸಾಗಣೆ ಸೇವೆಯ ಮೂಲಕ ಒಸಾಕಾದ ಹೋಟೆಲಿಗೆ ಕಳಿಸಿಬಿಡಿ. ನಿಮ್ಮ ಹೋಟೆಲಿನ ಕೌಂಟರಿನಲ್ಲೇ ಚೀಟಿ ತುಂಬಿಕೊಡುತ್ತಾರೆ. ಬೆನ್ನಿಗೆ ಒಂದು ಚೀಲ ಸಾಕು.

ದಿನ 6 ಮತ್ತು 7: ಹಿಮೇಜಿ, ಹಿರೋಶಿಮಾ, ಮಿಯಾಜಿಮಾ

ಕ್ಯೋಟೊದಿಂದ ಹಿಮೇಜಿಗೆ ಸಾಮಾನ್ಯ ಮಾರ್ಗದ ವಿಶೇಷ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ನಿಲ್ದಾಣದ ಬಾಗಿಲಲ್ಲೇ ಬೀದಿಯ ತುದಿಗೆ ಬಿಳಿಯ ಕೋಟೆ ಕಾಣುತ್ತದೆ. 1609ರಲ್ಲಿ ಇಕೆದಾ ತೆರುಮಾಸಾ ಪೂರ್ಣಗೊಳಿಸಿದ್ದು. ಸುಣ್ಣದ ಗಾರೆಯ ಆ ಬಿಳುಪು ಬೆಂಕಿಯಿಂದ ರಕ್ಷಣೆಗಾಗಿ. 1945ರ ಬಾಂಬ್ ದಾಳಿಯಲ್ಲಿ ಸುತ್ತಲಿನ ಊರು ಉರಿದಾಗ ಮೇಲಂತಸ್ತಿಗೆ ಬಿದ್ದ ಬೆಂಕಿಬಾಂಬು ಸಿಡಿಯಲಿಲ್ಲ. ಒಳಗಿನ ಮೆಟ್ಟಿಲು ಏಣಿಯಷ್ಟು ಕಡಿದು. ಮೊಣಕಾಲು ನೋವಿರುವವರು ಅಂಗಳದಿಂದಲೇ ನೋಡಲಿ.

ಸಂಜೆಯ ಹೊತ್ತಿಗೆ ಬುಲೆಟ್ ರೈಲಿನಲ್ಲಿ ಹಿರೋಶಿಮಾ. ಇಲ್ಲಿ ಅವಸರ ಬೇಡ. 1945ರ ಆಗಸ್ಟ್ 6, ಬೆಳಿಗ್ಗೆ 8.15. ಯಾನ್ ಲೆಟ್ಸೆಲ್ ಎಂಬ ಚೆಕ್ ವಾಸ್ತುಶಿಲ್ಪಿಯ ವಿನ್ಯಾಸದಲ್ಲಿ 1915ರಲ್ಲಿ ಎದ್ದ ಕಟ್ಟಡದ ಬರಿಯ ಗುಮ್ಮಟದ ಅಸ್ಥಿಪಂಜರ ನದಿಯ ದಡದಲ್ಲಿದೆ. ಮೊದಲ ಸಂಜೆ ಅದರ ಸುತ್ತ ನಡೆಯಿರಿ, ವಸ್ತುಸಂಗ್ರಹಾಲಯಕ್ಕೆ ಮರುದಿನ ಬೆಳಿಗ್ಗೆ ಎರಡು ಗಂಟೆ ಕೊಡಿ. ಸುಟ್ಟ ಮೂರು ಗಾಲಿಯ ಸೈಕಲ್, ಕರಿಯಾದ ಊಟದ ಡಬ್ಬಿ ಅಲ್ಲಿವೆ. ಚಿಕ್ಕ ಮಕ್ಕಳನ್ನು ಕರೆದೊಯ್ಯುವ ಮುನ್ನ ಯೋಚಿಸಿ.

ಅಲ್ಲಿಂದ ಮಿಯಾಜಿಮಾ: ರೈಲಿನಲ್ಲಿ ಮಿಯಾಜಿಮಾಗುಚಿ, ಹತ್ತು ನಿಮಿಷ ದೋಣಿ. ಪಾಸ್ ಇದ್ದರೂ 100 ಯೆನ್ ಪ್ರವಾಸಿ ತೆರಿಗೆ ಕೊಡಬೇಕು. ಹೊರಡುವ ಹಿಂದಿನ ರಾತ್ರಿ ಕಡಲಿನ ಉಬ್ಬರ ಇಳಿತದ ವೇಳಾಪಟ್ಟಿ ನೋಡುವುದು ಈ ದಿನದ ಮುಖ್ಯ ಕೆಲಸ. ನಾನು ಮೊದಲ ಸಲ ಅದನ್ನು ನೋಡದೆ ಹೋಗಿದ್ದೆ. ಚಿತ್ರಗಳಲ್ಲಿ ನೀರಿನ ಮೇಲೆ ತೇಲುವ ತೋರಿ ಕೆಸರಿನಲ್ಲಿ ನಿಂತಿತ್ತು. ನಿರಾಸೆಯಿಂದಲೇ ಹತ್ತಿರ ಹೋದೆ. ಆಗ ಕಂಡದ್ದು ಬೇರೆಯೇ: ಕರ್ಪೂರದ ಮರದ ಬೊಡ್ಡೆಗಳನ್ನು ಅವುಗಳ ಸಹಜ ಗಂಟುಗಳೊಂದಿಗೇ ನಿಲ್ಲಿಸಿದ್ದಾರೆ, ಬುಡಕ್ಕೆ ಕಡಲ ಚಿಪ್ಪು ಮೆತ್ತಿಕೊಂಡಿದೆ. 16 ಮೀಟರ್ ಎತ್ತರದ ಆ ದ್ವಾರವನ್ನು ನೆಲದಲ್ಲಿ ಹೂತಿಲ್ಲ, ಅದು ತನ್ನ ಭಾರದಿಂದಲೇ ನಿಂತಿದೆ. ಸಂಜೆಯವರೆಗೆ ಕಾದೆ. ನೀರು ಸದ್ದಿಲ್ಲದೆ ಬಂದು ನಾನು ನಿಂತಿದ್ದ ಜಾಗವನ್ನು ಮುಚ್ಚಿತು. ಇಳಿತ, ಉಬ್ಬರ ಎರಡನ್ನೂ ಒಂದೇ ದಿನ ನೋಡುವಂತೆ ಹೊತ್ತು ಹೊಂದಿಸಿಕೊಳ್ಳಿ. ನೀರಿನ ಮಟ್ಟ 250 ಸೆಂಟಿಮೀಟರ್ ದಾಟಿದರೆ ದೇವಸ್ಥಾನ ತೇಲುತ್ತದೆ, 100ಕ್ಕಿಂತ ಕೆಳಗಿಳಿದರೆ ತೋರಿಯವರೆಗೆ ನಡೆಯಬಹುದು. ಈಗಿನ ತೋರಿ 1875ರದು. ದೇವಸ್ಥಾನಕ್ಕೆ ಈ ರೂಪ ಬಂದದ್ದು 1168ರಲ್ಲಿ, ತೈರಾ ನೊ ಕಿಯೋಮೊರಿಯಿಂದ. ರಾತ್ರಿಗೆ ಒಸಾಕಾ ಸೇರಿ.

ದಿನ 8, 9 ಮತ್ತು 10: ಕೋಯಾ ಬೆಟ್ಟ

ಒಸಾಕಾದ ನಂಬಾದಿಂದ ನಾಂಕಾಯ್ ರೈಲು ಗೋಕುರಾಕುಬಾಶಿವರೆಗೆ, ಅಲ್ಲಿಂದ ಐದು ನಿಮಿಷ ಕೇಬಲ್ ಕಾರು, ಮೇಲೆ ಬಸ್ಸು. 800 ಮೀಟರ್ ಎತ್ತರ. ಮೇ ತಿಂಗಳಲ್ಲೂ ಸ್ವೆಟರ್ ಬೇಕು. 816ರಲ್ಲಿ ಬೌದ್ಧ ಗುರು ಕೂಕಾಯ್, ಅಂದರೆ ಕೋಬೋ ದಾಯ್ಶಿ, ಚಕ್ರವರ್ತಿಯಿಂದ ಈ ಬೆಟ್ಟವನ್ನು ಪಡೆದರು. ಅವರು ಚೀನಾದ ಚಾಂಗಾನ್‌ನಲ್ಲಿ ಸಂಸ್ಕೃತ ಕಲಿತದ್ದು ಪ್ರಜ್ಞ ಎಂಬ ಭಾರತೀಯ ಭಿಕ್ಷುವಿನಿಂದ.

ಇಲ್ಲಿನ ನೂರಕ್ಕೂ ಹೆಚ್ಚು ಮಂದಿರಗಳಲ್ಲಿ ಸುಮಾರು 50 ಕಡೆ ತಂಗಬಹುದು. ಸಂಜೆ ಐದರೊಳಗೆ ತಲುಪಿ, ಊಟ ಬೇಗ. ಚಾಪೆಯ ಮೇಲೆ ಕೆಂಪು ಮಣೆಯಂಥ ತಟ್ಟೆಯಲ್ಲಿ ಎಳ್ಳಿನ ತೋಫು, ಕರಿದ ತರಕಾರಿ, ಅನ್ನ, ಸಾರು ಬರುತ್ತದೆ. ಎಂಟು ದಿನಗಳ ನಂತರ ಚೀಟಿ ಓದದೆ, ಯಾರನ್ನೂ ಕೇಳದೆ ಉಣ್ಣುವ ನೆಮ್ಮದಿ ಸಸ್ಯಾಹಾರಿಗೆ ಮಾತ್ರ ಗೊತ್ತು.

ಓಕುನೋ-ಇನ್ ಸಮಾಧಿವನಕ್ಕೆ ಹಗಲು ಒಮ್ಮೆ, ಮುಂಜಾವಿನಲ್ಲಿ ಒಮ್ಮೆ ಹೋಗಿ. ಇಚಿನೋಹಾಶಿ ಸೇತುವೆಯಿಂದ ಎರಡು ಕಿಲೋಮೀಟರ್, ಮುಗಿಲೆತ್ತರದ ದೇವದಾರುಗಳ ಕೆಳಗೆ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳು. ಪಾಚಿ ಹಿಡಿದ ಐದು ತುಂಡಿನ ಕಲ್ಲಿನ ಸ್ತೂಪಗಳ ಹತ್ತಿರ ಬಾಗಿ ನೋಡಿ: ಕೆಳಗೆ ಚೌಕ, ಮೇಲೆ ಗೋಳ, ಆಮೇಲೆ ಇಳಿಜಾರು ಚಾವಣಿ, ಅರ್ಧಗೋಳ, ತುದಿಯಲ್ಲಿ ಮಣಿ. ಒಂದೊಂದರಲ್ಲೂ ಸಿದ್ಧಂ ಲಿಪಿಯ ಒಂದೊಂದು ಅಕ್ಷರ. ಕೆಳಗಿನಿಂದ ಓದಿದರೆ ಅ, ವ, ರ, ಹ, ಖ. ಪೃಥ್ವಿ, ಜಲ, ಅಗ್ನಿ, ವಾಯು, ಆಕಾಶ. ಬ್ರಾಹ್ಮಿಯಿಂದ ಹುಟ್ಟಿದ ಆ ಲಿಪಿ ನಮ್ಮ ಕನ್ನಡ ಲಿಪಿಯ ದೂರದ ದಾಯಾದಿ. ಎಷ್ಟೋ ಕಲ್ಲುಗಳಲ್ಲಿ ಅಕ್ಷರ ಮಸುಕಾಗಿದೆ. ಬೆರಳಿನಿಂದ ಮುಟ್ಟಬೇಡಿ, ಓರೆ ಬೆಳಕು ಬೀಳುವ ಮುಂಜಾವಿನಲ್ಲಿ ಅವು ತಾವಾಗಿಯೇ ಎದ್ದು ಕಾಣುತ್ತವೆ.

ಗೋಬ್ಯೋಬಾಶಿ ಎಂಬ ಕೊನೆಯ ಸೇತುವೆ ದಾಟಿದ ಮೇಲೆ ಫೋಟೋ ಇಲ್ಲ. ಕೂಕಾಯ್ 835ರಲ್ಲಿ ತೀರಿಕೊಂಡರೆಂದು ಇಲ್ಲಿ ಯಾರೂ ಹೇಳುವುದಿಲ್ಲ. ಅವರು ಧ್ಯಾನದಲ್ಲಿದ್ದಾರೆ ಎಂದೇ ನಂಬಿಕೆ. ದಿನಕ್ಕೆರಡು ಸಲ, ಬೆಳಿಗ್ಗೆ ಆರಕ್ಕೆ ಮತ್ತು ಹತ್ತೂವರೆಗೆ, ಭಿಕ್ಷುಗಳು ಮರದ ಪೆಟ್ಟಿಗೆಯಲ್ಲಿ ಊಟ ಹೊತ್ತು ಸೇತುವೆ ದಾಟುತ್ತಾರೆ. ಮಂತ್ರಾಲಯದ ರಾಯರ ಬೃಂದಾವನದ ಮುಂದೆ ನಿಂತವರಿಗೆ ಈ ನಂಬಿಕೆಯನ್ನು ವಿವರಿಸಬೇಕಾಗಿಲ್ಲ.

ತಂಗಿದ ಮಠದಲ್ಲಿ ಬೆಳಗಿನ ಅಗ್ನಿಪೂಜೆ ಇದೆಯೇ ಎಂದು ಕೋಣೆ ಕಾಯ್ದಿರಿಸುವಾಗಲೇ ಕೇಳಿಕೊಳ್ಳಿ, ಎಲ್ಲ ಮಠಗಳಲ್ಲೂ ಇರುವುದಿಲ್ಲ. ಅದರ ಹೆಸರು ಗೋಮಾ. ನಮ್ಮ ‘ಹೋಮ’ವೇ ಅದು. ಭಿಕ್ಷು ಕುಂಡದ ಮುಂದೆ ಕುಳಿತು ಸಮಿತ್ತು ಒಂದೊಂದಾಗಿ ಹಾಕಿ ಎಣ್ಣೆ ಸುರಿಯುತ್ತಾರೆ, ಪಕ್ಕದಲ್ಲಿ ದೊಡ್ಡ ನಗಾರಿ. ಎದುರಿಗಿರುವ ದೇವತೆ ಹೆಚ್ಚಾಗಿ ಫುದೋ ಮ್ಯೋಓ, ಸಂಸ್ಕೃತದಲ್ಲಿ ಅಚಲ. ಮಂತ್ರದ ಉಚ್ಚಾರ ಜಪಾನೀ ನಾಲಗೆಯಲ್ಲಿ ಬದಲಾಗಿದ್ದರೂ ಕೊನೆಯಲ್ಲಿ ‘ಸೋವಾಕಾ’ ಎಂದಾಗ ಕಿವಿಗೊಡಿ. ಅದು ‘ಸ್ವಾಹಾ’.

ಒಂಬತ್ತನೆಯ ದಿನ ಮಧ್ಯಾಹ್ನ ಕೆಳಗಿಳಿದು ಒಸಾಕಾದಲ್ಲಿ ಪೆಟ್ಟಿಗೆ ತೆಗೆದುಕೊಳ್ಳಿ. ಹತ್ತನೆಯ ದಿನ ನಂಬಾದಿಂದಲೇ ವಿಮಾನ ನಿಲ್ದಾಣಕ್ಕೆ ನಾಂಕಾಯ್ ರೈಲಿದೆ. ವಿದೇಶಿ ನಾಣ್ಯಗಳನ್ನು ಬೆಂಗಳೂರಿನಲ್ಲಿ ಯಾರೂ ಬದಲಾಯಿಸಿಕೊಡುವುದಿಲ್ಲ. ಉಳಿದ ಚಿಲ್ಲರೆಯನ್ನು ಇಕೋಕಾ ಕಾರ್ಡಿಗೆ ತುಂಬಿ ನಿಲ್ದಾಣದ ಅಂಗಡಿಯಲ್ಲಿ ಉಜಿಯ ಚಹಾ ಕೊಳ್ಳಿ, ಗೋಶುಯಿನ್ ಪುಸ್ತಕವನ್ನು ಮಾತ್ರ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ.